ಬೇರೆ ಒಲೆ ಹೂಡಿದ ಹಕ್ಕಿಗಳು

ಅಣ್ಣತಮ್ಮಂದಿರು ಪಾಲಾದ ಮನೆಗಳನ್ನು ನೀವು ನೋಡಿಯೇ ಇರುತ್ತೀರಿ. ಮೊದಲು ನಡುಮನೆಗೆ ಅಡ್ಡಗೋಡೆ ಏಳುತ್ತದೆ, ಆಮೇಲೆ ಗೋಡೆಯಾಚೆ ಇನ್ನೊಂದು ಒಲೆ ಹೂಡುತ್ತಾರೆ. ಮೊದಲ ವರ್ಷ ಎರಡೂ ಒಲೆಗಳ ಮೇಲೆ ಕುದಿಯುವುದು ಒಬ್ಬಳೇ ಅಜ್ಜಿ ಕಲಿಸಿದ ಸಾರು. ಬರಬರುತ್ತಾ ಈಚೆ ಮನೆಗೆ ಬಂದ ಸೊಸೆ ತವರಿನ ರೂಢಿಯಂತೆ ಒಂದು ಚೂರು ಬೆಲ್ಲ ಹಾಕುತ್ತಾಳೆ. ಆಚೆ ಮನೆಯಲ್ಲಿ ಯಾರಿಗೋ ನೆಗಡಿಯೆಂದು ಮೆಣಸು ಹೆಚ್ಚಾಗುತ್ತದೆ; ನೆಗಡಿ ಹೋದ ಮೇಲೂ ಮೆಣಸು ಉಳಿದುಬಿಡುತ್ತದೆ. ಮೂರು ತಲೆಮಾರು ಕಳೆದು ಯಾವುದೋ ಮದುವೆಯ ನೆಪದಲ್ಲಿ ಮೊಮ್ಮಕ್ಕಳು ಒಬ್ಬರ ಮನೆಯಲ್ಲಿ ಒಬ್ಬರು ಉಂಡರೆ, ‘ನಿಮ್ಮ ಸಾರು ನಮ್ಮದರ ಹಾಗಿಲ್ಲವಲ್ಲ!’ ಎಂದು ಇಬ್ಬರಿಗೂ ಆಶ್ಚರ್ಯ. ಬೇರೆ ಸಾರು ಮಾಡಬೇಕೆಂದು ಯಾರಾದರೂ ಹೊರಟಿದ್ದರೇ? ಇಲ್ಲ. ನಡುವೆ ಗೋಡೆಯಿತ್ತು, ಮೇಲೆ ಕಾಲ ಸರಿಯಿತು, ಅಷ್ಟೇ.

ಸಾರು ಅಲ್ಲಿ ಕುದಿಯುತ್ತಿರಲಿ. ನಾನು ಹೇಳಹೊರಟಿದ್ದು ಬಾಬಾಬುಡನ್‌ಗಿರಿಯ ಒಂದು ಹಕ್ಕಿಯ ಸುದ್ದಿ. ಹಿಡಿಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕದು. ಬೆನ್ನು ಮತ್ತು ಎದೆ ನೀಲಿ, ಪಕ್ಕೆ ಕೆಂಗಂದು. ಆ ಬೆಟ್ಟಸಾಲಿನಲ್ಲಿ ಅಡ್ಡಾಡಿದವರಿಗೆ ಗೊತ್ತು, ಮೇಲೆಲ್ಲ ಹುಲ್ಲುಗಾವಲು, ಎರಡು ಗುಡ್ಡ ಕೂಡುವ ಮಡಿಕೆಯಲ್ಲಿ ಮಾತ್ರ ಒತ್ತಾದ ಕುಳ್ಳ ಮರಗಳ ಕಾಡು. ಅದೇ ಶೋಲಾ. ಮರದ ಮೈಗೆಲ್ಲ ಪಾಚಿ, ಕಾಲಿಟ್ಟಲ್ಲೆಲ್ಲ ತೇವ, ಮಧ್ಯಾಹ್ನವೂ ಅರೆಗತ್ತಲು. ಆ ಕತ್ತಲಲ್ಲಿ, ನೆಲದ ತರಗೆಲೆಗಳ ನಡುವೆ ಹುಳು ಹೆಕ್ಕುತ್ತಾ ಬದುಕುವ ಹಕ್ಕಿ ಇದು. ಈಗ ಇದರ ಹೆಸರು ನೀಲಗಿರಿ ಶೋಲಕಿಲಿ. ಕಣ್ಣಿಗೆ ಬೀಳುವುದು ಅಪರೂಪ, ಹಾಡು ಕೇಳಿಸಿದರೆ ಅದೇ ಪುಣ್ಯ.

‘ರೆಕ್ಕೆಯಿರುವ ಹಕ್ಕಿಗೆ ಒಂದೇ ಬೆಟ್ಟದ ಹಂಗೇಕೆ?’ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಹಾರಬಲ್ಲದ್ದೆಲ್ಲ ಊರು ಬಿಟ್ಟು ಹೋಗುತ್ತದೆ ಎಂದೇನಿಲ್ಲ. ತಂಪಿನಲ್ಲಿ, ತೇವದಲ್ಲಿ, ನೆರಳಿನಲ್ಲಿ ಹುಟ್ಟಿ ಬೆಳೆದ ಜೀವಕ್ಕೆ ಬೆಟ್ಟದ ಬುಡದ ಬಿಸಿಲು, ಬಯಲು, ಒಣಕಾಡುಗಳೇ ಸಮುದ್ರ. ಮಳೆಗಾಲ ಮುಗಿಯುವ ಹೊತ್ತಿಗೆ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಬೆಳಗ್ಗೆ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಣಿವೆಗಳೆಲ್ಲ ಮಂಜಿನಲ್ಲಿ ಮುಳುಗಿ, ಶಿಖರಗಳಷ್ಟೇ ಮೇಲೆದ್ದು ನಿಂತಿರುತ್ತವೆ. ವಿಜ್ಞಾನಿಗಳು ಇಂಥ ನೆತ್ತಿಗಳನ್ನು ಆಕಾಶದ ದ್ವೀಪಗಳು ಎಂದು ಕರೆದಿರುವುದು ಸುಮ್ಮನೆ ಅಲಂಕಾರಕ್ಕಲ್ಲ. ಅಲ್ಲಿ ಬದುಕುವ ಜೀವಿಗಳ ಮಟ್ಟಿಗೆ ಅವು ನಿಜವಾಗಿಯೂ ದ್ವೀಪಗಳೇ.

ಈಗ ಸ್ವಲ್ಪ ದಕ್ಷಿಣಕ್ಕೆ ಹೋಗೋಣ. ಕೊಯಮತ್ತೂರು ದಾಟಿ ಪಾಲಕ್ಕಾಡಿಗೆ ಹೋಗುವ ರೈಲಿನಲ್ಲಿ ಕೂತವರು ಒಂದು ಸಂಗತಿ ಗಮನಿಸಿರಬೇಕು. ಪಶ್ಚಿಮಘಟ್ಟವನ್ನು ದಾಟಿದರೂ ಘಾಟಿ ಹತ್ತಿದ ಹಾಗೇ ಆಗುವುದಿಲ್ಲ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ದಾರಿಯ ಸುರಂಗಗಳೆಲ್ಲಿ, ಆ ನೆಟ್ಟಗಿನ ಹಳಿಯೆಲ್ಲಿ! ಕಾರಣ, ಅಲ್ಲಿ ಘಟ್ಟವೇ ಇಲ್ಲ. ಉತ್ತರಕ್ಕೆ ನೀಲಗಿರಿ, ದಕ್ಷಿಣಕ್ಕೆ ಆನೈಮಲೈ, ನಡುವೆ ಸುಮಾರು 30–40 ಕಿಲೋಮೀಟರ್ ಅಗಲದ ತಗ್ಗು. ಅದೇ ಪಾಲಕ್ಕಾಡ್ ಕಂಡಿ. ರೈಲಿಗೆ ಅನುಕೂಲ, ಗಾಳಿಗೆ ಅನುಕೂಲ, ವ್ಯಾಪಾರಕ್ಕೆ ಎಂದಿನಿಂದಲೂ ಅನುಕೂಲ. ಶೋಲಾದ ಹಕ್ಕಿಗೆ ಮಾತ್ರ ದಾಟಲಾಗದ ಕಡಲು.

ಕಂಡಿಯ ಉತ್ತರಕ್ಕೆ ಬಾಬಾಬುಡನ್‌ಗಿರಿಯ ನಮ್ಮ ಹಕ್ಕಿಯೇ ಇದೆ. ದಕ್ಷಿಣಕ್ಕೆ ಹೋದರೆ ಹೊಟ್ಟೆ ಬೆಳ್ಳಗಾದ ಇನ್ನೊಂದು. ಇನ್ನೂ ಕೆಳಗೆ ಸೆಂಗೋಟ್ಟೈ ಕಂಡಿ ಎಂಬ ಕಿರಿದಾದ ತಗ್ಗೊಂದು ಬರುತ್ತದೆ. ಅದರಾಚೆ ಅಗಸ್ತ್ಯಮಲೆಯ ಕಡೆಯ ಬೆಟ್ಟಗಳಲ್ಲಿ ಮೂರನೆಯದು. ಬಹುಕಾಲ ಇವನ್ನೆಲ್ಲ ಹಿಮಾಲಯ ಮತ್ತು ಆಗ್ನೇಯ ಏಷ್ಯಾದ ಶಾರ್ಟ್‌ವಿಂಗ್ ಎಂಬ ಹಕ್ಕಿಗಳ ಬಳಗಕ್ಕೆ ಸೇರಿಸಿದ್ದರು. ವಿ. ವಿ. ರಾಬಿನ್ ಮತ್ತು ಜೊತೆಗಾರರು ಬೆಟ್ಟಬೆಟ್ಟ ಅಲೆದು ಡಿಎನ್ಎ ನೋಡಿದರು, ಗರಿ–ಮೈಕಟ್ಟು ಅಳೆದರು, ಹಾಡು ಹೋಲಿಸಿದರು. ಕೊನೆಗೆ 2017ರಲ್ಲಿ ‘ಶೋಲಿಕೋಲಾ’ ಎಂಬ ಹೊಸ ಕುಲವನ್ನೇ ಸ್ಥಾಪಿಸಿದರು. ಹಿಮಾಲಯದ ಆ ಬಳಗಕ್ಕೂ ಇವಕ್ಕೂ ಹತ್ತಿರದ ನಂಟಿಲ್ಲ, ಇವು ನೊಣಹಿಡುಕ ಹಕ್ಕಿಗಳ ಕಡೆಯವು ಎಂದು ಆಗ ಗೊತ್ತಾಯಿತು. ಅಗಸ್ತ್ಯಮಲೆಯ ಕಡೆಯದು ಅಷ್ಟು ವರ್ಷ ಎಲ್ಲರ ಕಣ್ಣೆದುರೇ ಇದ್ದರೂ ಹೆಸರಿಲ್ಲದೆ ಉಳಿದಿದ್ದ ಹೊಸ ಪ್ರಭೇದ!

ಅದೇ ಅಧ್ಯಯನದಲ್ಲಿ ಇನ್ನೊಂದು ಕುಲವೂ ಹೊರಬಂತು. ಅವು ಲಾಫಿಂಗ್‌ಥ್ರಷ್‌ಗಳು, ನಮ್ಮ ಹರಟೆಮಲ್ಲ ಹಕ್ಕಿಗಳ ಕುಟುಂಬದವು. ಹರಟೆಮಲ್ಲಗಳನ್ನು ಬಲ್ಲವರಿಗೆ ಆ ಗದ್ದಲದ ಪರಿಚಯ ಇದ್ದೇ ಇರುತ್ತದೆ. ಇವುಗಳಲ್ಲಿ ನಾಲ್ಕು ಪ್ರಭೇದ, ನಾಲ್ಕಕ್ಕೂ ಬೇರೆಬೇರೆ ಬೆಟ್ಟ. ನೀಲಗಿರಿಗೊಂದು, ಪಳನಿ–ಮುನ್ನಾರಿಗೊಂದು, ಅಗಸ್ತ್ಯಮಲೆಗೊಂದು. ನಾಲ್ಕನೆಯದು ವಯನಾಡಿನ ಬಾಣಾಸುರ ಬೆಟ್ಟದಲ್ಲೂ ನಮ್ಮ ಕೊಡಗಿನ ಬ್ರಹ್ಮಗಿರಿಯ ಕಡೆಯೂ ಇರುವಂಥದ್ದು. ಬೆರಳೆಣಿಕೆಯಷ್ಟು ನೆತ್ತಿಗಳು ಬಿಟ್ಟರೆ ಇಡೀ ಭೂಮಿಯಲ್ಲಿ ಅದಕ್ಕೆ ಬೇರೆ ನೆಲೆಯಿಲ್ಲ. ಇದನ್ನು ಓದಿದಾಗ ಬ್ರಹ್ಮಗಿರಿಯ ಮೇಲಿನ ನನ್ನ ಗೌರವ ಇದ್ದಕ್ಕಿದ್ದಂತೆ ಹೆಚ್ಚಾಯಿತು. ಕಾಲ್ನಡಿಗೆಗೆ ಹೋಗಿ ಫೋಟೊ ತೆಗೆದುಕೊಂಡು ಇಳಿದು ಬರುವ ಜಾಗ ಎಂದುಕೊಂಡಿದ್ದೆವಲ್ಲ, ಅದು ಒಂದು ಜೀವಕ್ಕೆ ಜಗತ್ತೇ.

ಬರೀ ಪುಟ್ಟ ಹಕ್ಕಿಗಳಿಗಷ್ಟೇ ಈ ತಗ್ಗು ಅಡ್ಡಿ ಎಂದುಕೊಳ್ಳಬೇಡಿ. ದಿನಕ್ಕೆ ಹತ್ತಾರು ಮೈಲಿ ನಡೆಯಬಲ್ಲ ಆನೆಗಳಲ್ಲೂ ಪಾಲಕ್ಕಾಡ್ ಕಂಡಿಯ ಆಚೆಯವು, ಈಚೆಯವು ಎಂಬ ಭೇದ ವಂಶವಾಹಿಯಲ್ಲಿ ಕಾಣುತ್ತದೆ. ಅವು ಬೇರೆ ಪ್ರಭೇದಗಳಾಗಿಲ್ಲ, ಆದರೆ ಓಡಾಟ ಕಡಿಮೆಯಾದದ್ದು ರಕ್ತದಲ್ಲೇ ದಾಖಲಾಗಿದೆ.

ಇದಕ್ಕೆ ತಿರುವುಮುರುವಾದ ಕಥೆ ಶ್ರೀಲಂಕೆಯದು. ಅಲ್ಲಿ ನಡುವೆ ಸಮುದ್ರವೇ ಇದೆ, ಆದರೆ ಹಿಮಯುಗಗಳಲ್ಲಿ ಸಮುದ್ರ ತಗ್ಗಿದಾಗಲೆಲ್ಲ ನಮಗೂ ಶ್ರೀಲಂಕೆಗೂ ನೆಲದ ದಾರಿ ಬೀಳುತ್ತಿತ್ತು. ಹಾಗಿದ್ದಮೇಲೆ ಪಶ್ಚಿಮಘಟ್ಟದ ಕಪ್ಪೆ–ಏಡಿಗಳೂ ಅಲ್ಲಿನವೂ ಬೆರೆತು ಒಂದಾಗಿರಬೇಕಲ್ಲ? 2004ರಲ್ಲಿ ಫ್ರಾಂಕಿ ಬೋಸುಯಿಟ್ ಮತ್ತು ಸಂಗಡಿಗರು ಪರೀಕ್ಷಿಸಿ ನೋಡಿದರೆ ಎರಡೂ ಕಡೆ ಬಹುಪಾಲು ಬೇರೆಬೇರೆ ವಂಶಗಳೇ. ದಾರಿಯೇನೋ ಬಿದ್ದಿತ್ತು, ಆದರೆ ಅದು ಒಣ ಬಯಲಿನ ದಾರಿ. ಮಳೆಕಾಡಿನ ಕಪ್ಪೆಗೆ ನೀರಿನ ಕಡಲಾದರೇನು, ಬಿಸಿಲಿನ ಕಡಲಾದರೇನು? ಯಾವುದು ಸೇತುವೆ, ಯಾವುದು ಗೋಡೆ ಎಂದು ನಕಾಶೆ ನೋಡಿ ಹೇಳಲಾಗದು, ಆ ಜೀವಿಯ ಚರ್ಮವನ್ನೇ ಕೇಳಬೇಕು.

ಗೋಡೆಯೂ ಒಂದೇ ಕಡೆ ನಿಂತಿರುವುದಿಲ್ಲ, ಅದು ಇನ್ನೊಂದು ಸೋಜಿಗ. ನೀಲಗಿರಿಯ ಜೌಗುಗಳಲ್ಲಿ ಸಾವಿರಾರು ವರ್ಷಗಳಿಂದ ಕೊಳೆತೂ ಕೊಳೆಯದ ಗಿಡಗಳ ಕಪ್ಪು ಪದರಗಳಿವೆ. ಆರ್. ಸುಕುಮಾರ್ ಮತ್ತು ಅವರ ಜೊತೆಗಾರರು ಆ ಪದರಗಳ ಇಂಗಾಲವನ್ನು ಪರೀಕ್ಷಿಸಿ, ಕಳೆದ 20,000 ವರ್ಷಗಳಲ್ಲಿ ಅಲ್ಲಿ ಯಾವಾಗ ಕಾಡು ಹರಡಿತ್ತು, ಯಾವಾಗ ಹುಲ್ಲು ಮೇಲುಗೈ ಪಡೆದಿತ್ತು ಎಂದು 1993ರಲ್ಲೇ ತಿಳಿಸಿದರು. ಹವೆ ಬದಲಾದಂತೆ ಕಾಡು ಹಿಗ್ಗಿದೆ, ಕುಗ್ಗಿದೆ. ಹಿಗ್ಗಿದಾಗ ಎರಡು ಗುಂಪು ಮತ್ತೆ ಭೇಟಿಯಾಗಬಹುದು, ಕುಗ್ಗಿದಾಗ ಒಂದು ಗುಂಪು ನಾಲ್ಕಾಗಬಹುದು. ಬೆಟ್ಟಗಳು ನಮ್ಮ ಕಣ್ಣಿಗೆ ಕೂತಲ್ಲೇ ಕೂತಿದ್ದರೂ ಅವುಗಳ ಮೇಲಿನ ಹಸಿರು ಉಸಿರಾಡುತ್ತಲೇ ಇದೆ.

ಆಗಲಿ, ಬೇರೆಯಾದವು. ಬೇರೆಯಾದ ಮಾತ್ರಕ್ಕೆ ಬೇರೆ ಪ್ರಭೇದ ಆಗಿಬಿಡುವುದು ಹೇಗೆ? ವಂಶವಾಹಿ ತಂದೆತಾಯಿಯಿಂದ ಮಕ್ಕಳಿಗೆ ಇಳಿಯುವಾಗ ಅಲ್ಲೊಂದು ಇಲ್ಲೊಂದು ತಪ್ಪು ನುಸುಳುತ್ತದೆ. ಎಲ್ಲರೂ ಬೆರೆತು ಬಾಳುವಾಗ ಆ ತಪ್ಪು ಇಡೀ ಗುಂಪಿನಲ್ಲಿ ಹರಡುತ್ತದೆ ಇಲ್ಲವೇ ಕರಗಿಹೋಗುತ್ತದೆ. ನಡುವೆ ಕಂಡಿ ಬಿದ್ದರೆ ಆಚೆಯ ತಪ್ಪು ಆಚೆಗೇ, ಈಚೆಯದು ಈಚೆಗೇ. ಇದಕ್ಕೆ ಆಯಾ ಬೆಟ್ಟದ ಚಳಿ, ಮಳೆ, ಆಹಾರಗಳ ಒತ್ತಡ ಸೇರುತ್ತದೆ. ಗುಂಪು ಚಿಕ್ಕದಿದ್ದರೆ ಬರೀ ಆಕಸ್ಮಿಕವೇ ಸಾಕು. ಹತ್ತು ಹಕ್ಕಿಗಳಲ್ಲಿ ಒಂದರ ಹಾಡು ವಿಚಿತ್ರವಾಗಿದ್ದು, ಅದಕ್ಕೇ ಹೆಚ್ಚು ಮರಿಗಳಾದರೆ, ನಾಳೆ ಬೆಟ್ಟಕ್ಕೆಲ್ಲ ಅದೇ ಹಾಡು. ಕೊನೆಗೆ ಒಂದು ದಿನ ಎರಡೂ ಕಡೆಯವು ಎದುರಾದಾಗ ಹೆಣ್ಣು ಆ ಗಂಡಿನ ಕಡೆ ತಿರುಗಿಯೂ ನೋಡುವುದಿಲ್ಲ. ಅಲ್ಲಿಗೆ ಸಂಬಂಧ ಮುಗಿಯಿತು.

ಇದನ್ನು ಕಣ್ಣಾರೆ ನೋಡಲು ಲಕ್ಷಾಂತರ ವರ್ಷ ಕಾಯಲೇಬೇಕೆಂದಿಲ್ಲ. ಡಯಾನ್ ಡಾಡ್ ಎಂಬ ವಿಜ್ಞಾನಿ 1989ರಲ್ಲಿ ಒಂದು ಅಚ್ಚುಕಟ್ಟಾದ ಪ್ರಯೋಗ ಪ್ರಕಟಿಸಿದರು. ಒಂದೇ ಮೂಲದ ಹಣ್ಣುನೊಣಗಳನ್ನು ಎಂಟು ಗುಂಪು ಮಾಡಿ, ನಾಲ್ಕಕ್ಕೆ ಪಿಷ್ಟದ ಆಹಾರ, ನಾಲ್ಕಕ್ಕೆ ಮಾಲ್ಟೋಸ್ ಸಕ್ಕರೆಯ ಆಹಾರ. ಹಲವು ತಲೆಮಾರು ಹಾಗೇ ಬೇರೆಯಿಟ್ಟು, ಆಮೇಲೆ ಒಟ್ಟಿಗೆ ಬಿಟ್ಟು ನೋಡಿದರೆ, ಪಿಷ್ಟದವು ಹೆಚ್ಚಾಗಿ ಪಿಷ್ಟದವನ್ನೇ, ಸಕ್ಕರೆಯವು ಸಕ್ಕರೆಯವನ್ನೇ ಕೂಡಿದವು. ‘ನಿಮ್ಮವರನ್ನೇ ಆರಿಸಿಕೊಳ್ಳಿ’ ಎಂದು ಅವಕ್ಕೆ ಯಾರೂ ಕಲಿಸಿರಲಿಲ್ಲ.

ದ್ವೀಪದ ಮಾತು ಬಂದ ಮೇಲೆ ಗಲಾಪಗೊಸ್ ಬಿಟ್ಟು ಮುಂದೆ ಹೋಗಲಾದೀತೇ? ಡಾರ್ವಿನ್ ಅಲ್ಲಿಗೆ ಹೋದದ್ದು 1835ರಲ್ಲಿ. ಆಮೆ ನೋಡಿ ಅದು ಯಾವ ದ್ವೀಪದ್ದೆಂದು ಹೇಳಬಲ್ಲೆ ಎಂದು ಅಲ್ಲಿನ ಉಪ ಗವರ್ನರ್ ಲಾಸನ್ ಡಾರ್ವಿನ್‌ಗೆ ತಿಳಿಸಿದ್ದರು. ಡಾರ್ವಿನ್ ಆ ಮಾತಿಗೆ ಆಗ ಹೆಚ್ಚು ಗಮನ ಕೊಡಲಿಲ್ಲ. ಎರಡು ದ್ವೀಪಗಳ ಸಂಗ್ರಹವನ್ನು ಭಾಗಶಃ ಬೆರೆಸಿಯೂ ಬಿಟ್ಟಿದ್ದರು. 1837ರ ಜನವರಿಯಲ್ಲಿ ಲಂಡನ್ನಿನಲ್ಲಿ ಪಕ್ಷಿತಜ್ಞ ಜಾನ್ ಗೂಲ್ಡ್ ಹಕ್ಕಿಗಳನ್ನು ನೋಡಿ, ಇವೆಲ್ಲ ಒಂದೇ ಬಳಗದ ಫಿಂಚ್‌ಗಳು ಎಂದಾಗ ಯಾವುದು ಎಲ್ಲಿಯದು ಎಂಬ ಪ್ರಶ್ನೆ ಬಂತು. ಆಗ ನೆರವಾದದ್ದು ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಮತ್ತಿತರರು ದ್ವೀಪದ ಹೆಸರು ಬರೆದಿಟ್ಟಿದ್ದ ಹಕ್ಕಿಗಳು. ಸಣ್ಣ ಚೀಟಿಯೊಂದಕ್ಕೆ ಎಷ್ಟು ಬೆಲೆ, ನೋಡಿ!

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವವರು ಲಾಸನ್ ಅವರಂಥ ಸ್ಥಳದ ಜನ. ಪ್ರಕೃತಿ ವಿಜ್ಞಾನಿ ವಾಲೆಸ್ ಅಮೆಜಾನಿನಲ್ಲಿ ಅಲೆದಾಗಲೂ ಹೀಗೇ. ನದಿಯ ಈ ದಡದ ಕೋತಿಯೇ ಬೇರೆ, ಆ ದಡದ್ದೇ ಬೇರೆ ಎಂಬುದು ಅಲ್ಲಿನ ಬೇಟೆಗಾರರಿಗೆ ಚೆನ್ನಾಗಿ ಗೊತ್ತಿತ್ತು. ಬೇಕಾದ ಪ್ರಾಣಿಗಾಗಿ ಅವರು ಹೊಳೆ ದಾಟಿ ಹೋಗುತ್ತಿದ್ದರು ಎಂದು ವಾಲೆಸ್ 1852ರಲ್ಲೇ ಬರೆದರು. ಆಮೇಲೆ ಪ್ರಭೇದ ಎಂದರೇನು ಎಂಬ ಚರ್ಚೆಗೆ ಬುನಾದಿ ಹಾಕಿದ ಅರ್ನ್‌ಸ್ಟ್ ಮೇಯರ್, ನ್ಯೂಗಿನಿಯ ಬೆಟ್ಟಗಳಲ್ಲಿ 137 ಬಗೆಯ ಹಕ್ಕಿ ಗುರುತಿಸಿದರೆ, ಅಲ್ಲಿನ ಜನರಲ್ಲಿ 136 ಹೆಸರುಗಳಿದ್ದವು. ಒಂದೇ ಒಂದು ವ್ಯತ್ಯಾಸ! ಕಾಡಿನಲ್ಲಿ ಬದುಕುವವರ ಕಣ್ಣಿಗೆ ನಾವು ಇನ್ನೂ ಸಲ್ಲಬೇಕಾದಷ್ಟು ಗೌರವ ಸಲ್ಲಿಸಿಲ್ಲ ಎಂದೇ ನನ್ನ ನಂಬಿಕೆ.

ಗಲಾಪಗೊಸ್‌ಗೆ ಮರಳೋಣ, ಅಲ್ಲೊಂದು ಪರದೇಶಿಯ ಕಥೆ ಬಾಕಿಯಿದೆ. ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ ಡ್ಯಾಫ್ನಿ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ 1973ರಿಂದ ಫಿಂಚ್‌ಗಳನ್ನು ಗಮನಿಸುತ್ತಾ ಬಂದವರು. 1981ರಲ್ಲಿ ಅಲ್ಲಿಗೆ ಎಲ್ಲಿಂದಲೋ ಒಂದು ಗಂಡು ಹಾರಿ ಬಂತು. ದೊಡ್ಡ ಮೈ, ದಪ್ಪ ಕೊಕ್ಕು, ಅಲ್ಲಿ ಯಾರೂ ಹಾಡದ ಹಾಡು. ಸ್ಥಳೀಯ ಹೆಣ್ಣಿನೊಂದಿಗೆ ಸಂಸಾರ ಹೂಡಿತು. ಮಕ್ಕಳು ಅಪ್ಪನ ಹಾಡನ್ನೇ ಕಲಿತರು. ಮುಂದೆ ಒಂದು ಭೀಕರ ಬರ ಬಂದು ವಂಶದಲ್ಲಿ ಉಳಿದದ್ದು ಒಂದು ಅಣ್ಣ–ತಂಗಿ ಜೋಡಿ ಮಾತ್ರ. ಅಲ್ಲಿಂದ ಮುಂದೆ ಆ ವಂಶದವು ತಮ್ಮೊಳಗೇ ಕೂಡುತ್ತಾ ಬಂದವು, ಊರವರೊಡನೆ ಬೆರೆಯಲಿಲ್ಲ. 2017ರಲ್ಲಿ ವಂಶವಾಹಿ ಓದಿದಾಗ ಆ ಮೂಲಪುರುಷ 100 ಕಿಲೋಮೀಟರಿಗೂ ದೂರದ ಎಸ್ಪನ್ಯೋಲಾ ದ್ವೀಪದವನೆಂದು ತಿಳಿಯಿತು. ಇಲ್ಲಿ ನಡುವೆ ಕಡಲೂ ಇಲ್ಲ, ಕಂಡಿಯೂ ಇಲ್ಲ. ಒಂದೇ ದ್ವೀಪದಲ್ಲಿ ಬರೀ ಒಂದು ಹಾಡು ಮತ್ತು ಒಂದು ಕೊಕ್ಕು ಗೋಡೆಯಾಗಿ ನಿಂತವು.

ಹಾಡು ಗೋಡೆಯಾಗಬಲ್ಲದಾದರೆ, ಮಳೆ? ಅದೂ ಆಗಬಲ್ಲದು. ಪಾತಾಳ ಕಪ್ಪೆಯ ಸಂಗತಿ ಕೇಳಿರುತ್ತೀರಿ. ಬಣ್ಣ ನೇರಳೆ, ಮೂತಿ ಚೂಪು. ವರ್ಷವೆಲ್ಲ ನೆಲದೊಳಗೇ ಇದ್ದು, ಮೊದಲ ಮಳೆಗೆ ಮೊಟ್ಟೆಯಿಡಲು ಕೆಲವು ದಿನ ಮೇಲೆ ಬರುತ್ತದೆ. ಎಸ್. ಡಿ. ಬಿಜು ಮತ್ತು ಬೋಸುಯಿಟ್ 2003ರಲ್ಲಿ ಇದನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದರು. ಇದರ ಹತ್ತಿರದ ನೆಂಟರು ಇರುವುದು ಹಿಂದೂ ಮಹಾಸಾಗರದಾಚೆಯ ಸೆಶೆಲ್ಸ್ ದ್ವೀಪಗಳಲ್ಲಿ. ಭೂಖಂಡಗಳೇ ಪಾಲಾದ ಕಾಲದ ದಾಯಾದಿತನ ಅದು. ಈ ಕಪ್ಪೆ ಪಶ್ಚಿಮದ ಇಳಿಜಾರಿನದು, ಮುಂಗಾರು ನಂಬಿದ್ದು. 2017ರಲ್ಲಿ ಘಟ್ಟದ ಪೂರ್ವದ ಇಳಿಜಾರಿನಲ್ಲಿ, ತಮಿಳುನಾಡಿನ ಶ್ರೀವಿಲ್ಲಿಪುತ್ತೂರಿನ ಕಡೆ, ಇದರ ತಂಗಿಯಂಥ ಇನ್ನೊಂದು ಪ್ರಭೇದವನ್ನು ಗುರುತಿಸಿದರು. ಆ ಮಗ್ಗುಲಿಗೆ ಮಳೆ ಬರುವುದು ಹಿಂಗಾರಿನಲ್ಲಿ, ಅದರ ಮರಿಗಳು ಬೆಳೆಯುವುದೂ ಆಗಲೇ. ಬೆಟ್ಟ ಒಂದೇ, ಮಗ್ಗುಲು ಎರಡು, ಮಳೆ ಎರಡು, ಮದುವೆಯ ಮುಹೂರ್ತವೂ ಎರಡು. ಇನ್ನು ಕೂಡುವುದೆಲ್ಲಿ ಬಂತು?

ಇಷ್ಟೆಲ್ಲ ಕೇಳಿ ‘ಹಾಗಾದರೆ ಒಂಟಿತನ ಒಳ್ಳೆಯದೇ’ ಎಂದುಬಿಟ್ಟರೆ ಕಷ್ಟ. ಹವಾಯಿಯ ಬಸವನಹುಳುಗಳ ಕಥೆ ಕೇಳಿ. ಮಿಷನರಿಯ ಮಗ ಜಾನ್ ಥಾಮಸ್ ಗೂಲಿಕ್ ಹತ್ತೊಂಬತ್ತನೆಯ ಶತಮಾನದಲ್ಲಿ ಓಆಹು ದ್ವೀಪದ ಮರದ ಬಸವನಹುಳುಗಳನ್ನು ಕಣಿವೆ ಕಣಿವೆ ಸುತ್ತಿ ಸಂಗ್ರಹಿಸಿದವರು. ಗಿಡಮರ ಒಂದೇ, ಮಳೆ ಒಂದೇ, ಆದರೂ ಒಂದು ಏಣು ದಾಟಿದರೆ ಚಿಪ್ಪಿನ ಬಣ್ಣ, ಪಟ್ಟೆ ಎಲ್ಲ ಬೇರೆ. ಪ್ರತ್ಯೇಕತೆಯೊಂದೇ ಇಷ್ಟು ಮಾಡಬಲ್ಲದು ಎಂದು ಅವರು 1872ರಲ್ಲಿ ವಾದಿಸಿದರು. ಆ ಸಂಪತ್ತಿಗೆ ಏನಾಯಿತು? ನಮ್ಮ ಕಾಫಿ ತೋಟದವರಿಗೂ ತಲೆನೋವಾಗಿರುವ ಆಫ್ರಿಕದ ದೈತ್ಯ ಬಸವನಹುಳು ಅಲ್ಲಿಗೂ ಬಂತು. ಅದನ್ನು ತಿನ್ನಲೆಂದು 1955ರಲ್ಲಿ ಇನ್ನೊಂದು ಬೇಟೆಗಾರ ಬಸವನಹುಳುವನ್ನು ತಂದುಬಿಟ್ಟರು. ಅದು ದೈತ್ಯನನ್ನು ಬಿಟ್ಟು ಕಣಿವೆಯ ಚೆಲುವೆಯರನ್ನು ತಿಂದಿತು. ಅಂಥ ಒಂದು ಪ್ರಭೇದದ ಕೊನೆಯ ಜೀವ, ಜಾರ್ಜ್ ಎಂದು ಹೆಸರಿಟ್ಟು ಸಾಕಿದ್ದದ್ದು, 2019ರ ಜನವರಿ 1ರಂದು ಸತ್ತಿತು. ಒಂದೇ ಕಣಿವೆಯನ್ನು ನಂಬಿ ಬಾಳಿದ ಜೀವಕ್ಕೆ ಆ ಕಣಿವೆ ಕೆಟ್ಟರೆ ಓಡಲು ಎರಡನೆಯ ದಾರಿಯಿಲ್ಲ.

ಇದು ನಮ್ಮ ಬೆಟ್ಟಗಳಿಗೂ ಸಲ್ಲುವ ಮಾತು. ಟೀ ತೋಟ, ನೀಲಗಿರಿ ಮರ, ವಾಟಲ್ ನೆಡುತೋಪುಗಳು ಶೋಲಾಗಳ ನಡುವೆ ಹೊಸ ಕಂಡಿಗಳನ್ನು ಕೊರೆದಿವೆ. ಹಳೆಯ ಕಂಡಿಗಳಿಂದ ಬೇರೆಯಾದ ಶೋಲಕಿಲಿಗಳ ಹಾಡು ಬೇರೆಯಾದಂತೆ, ಈಚಿನ ಕಾಡುಕಡಿತದಿಂದ ಬೇರೆಯಾದ ಗುಂಪುಗಳ ಹಾಡಿನಲ್ಲೂ ವ್ಯತ್ಯಾಸ ಕಾಣತೊಡಗಿದೆ ಎಂದು ರಾಬಿನ್ ಬಳಗದ 2016ರ ಅಧ್ಯಯನ ತೋರಿಸಿದೆ. ಹಾಗೆಂದು ನೂರು ವರ್ಷ ಕಳೆದರೆ ನಾಲ್ಕು ಹೊಸ ಹಕ್ಕಿ ಸಿಗುತ್ತವೆ ಎಂದು ಸಂತೋಷಪಡುವಂತಿಲ್ಲ. ಹಳೆಯ ಗೋಡೆಗಳು ಕಾಲವನ್ನೂ ಜಾಗವನ್ನೂ ಕೊಟ್ಟು ಬೇರೆ ಮಾಡಿದವು, ನಮ್ಮ ಗೋಡೆಗಳು ಎರಡನ್ನೂ ಕಿತ್ತುಕೊಂಡು ಬೇರೆ ಮಾಡುತ್ತಿವೆ. ಚಿಕ್ಕ ತುಂಡಿನಲ್ಲಿ ಉಳಿದ ಕೆಲವೇ ಜೋಡಿಗಳಿಗೆ ಒಂದು ಬರ, ಒಂದು ಕಾಡ್ಗಿಚ್ಚು, ಒಂದು ರೋಗ ಸಾಕು. ಬಾಬಾಬುಡನ್‌ಗಿರಿಯ ಒಂದು ಶೋಲಾ ಹೋದರೆ ‘ಸ್ವಲ್ಪ ಕಾಡು ಹೋಯಿತು’ ಎನ್ನುವುದು ಸರಿಯಲ್ಲ, ಲಕ್ಷಾಂತರ ವರ್ಷಗಳ ಕೆಲಸವೊಂದು ನಡುವೆಯೇ ನಿಂತಿತು ಎನ್ನಬೇಕು.

ಮಾತು ಭಾರವಾಯಿತೇನೋ. ಎದ್ದು ಹೋಗುವ ಮೊದಲು ಇನ್ನೊಂದು ಪುಟ್ಟ ಹಕ್ಕಿಯ ಸುದ್ದಿ ಕೇಳಿಬಿಡಿ. ಚಳಿಗಾಲದಲ್ಲಿ ನಮ್ಮ ಮಾವಿನ ಮರ, ಕಾಫಿ ತೋಟದ ನೆರಳುಮರಗಳಲ್ಲಿ ‘ಚಿವೀ, ಚಿವೀ’ ಎನ್ನುತ್ತಾ ಎಲೆಯ ಮರೆಯಲ್ಲೇ ಓಡಾಡುವ ಹಸಿರುಬೂದಿ ಬಣ್ಣದ ಗ್ರೀನಿಶ್ ವಾರ್ಬ್ಲರ್. ಇದು ಬೇಸಿಗೆಗೆ ಉತ್ತರಕ್ಕೆ ಮರಳಿ ಅಲ್ಲಿ ಮರಿಮಾಡುತ್ತದೆ. ಇದರ ಬಳಗ ಟಿಬೆಟ್ ಪ್ರಸ್ಥಭೂಮಿಯನ್ನು ಎರಡೂ ಕಡೆಯಿಂದ ಬಳಸಿ ಉಂಗುರದಂತೆ ಹರಡಿದೆ. ಹಿಮಾಲಯದಿಂದ ಪಶ್ಚಿಮವಾಗಿ ಹೋದರೂ, ಪೂರ್ವವಾಗಿ ಹೋದರೂ ಪಕ್ಕಪಕ್ಕದ ಹಕ್ಕಿಗಳ ಹಾಡಿನಲ್ಲಿ ತುಸುವೇ ವ್ಯತ್ಯಾಸ. ಎರಡು ಕೊನೆಗಳು ಸೈಬೀರಿಯಾದಲ್ಲಿ ಮತ್ತೆ ಸೇರುವಲ್ಲಿ ಮಾತ್ರ ಒಂದಕ್ಕೊಂದು ನಂಟೇ ಬೆಳೆಸುವುದಿಲ್ಲ. ಡ್ಯಾರೆನ್ ಇರ್ವಿನ್ ಮತ್ತು ಜೊತೆಗಾರರು 2001ರಲ್ಲಿ ಇದನ್ನು ವಿವರವಾಗಿ ತೋರಿಸಿದರು. 2014ರಲ್ಲಿ ವಂಶವಾಹಿಗಳನ್ನು ಇನ್ನೂ ಆಳವಾಗಿ ನೋಡಿದಾಗ, ಆ ಉಂಗುರದಲ್ಲೂ ಹಿಂದೆ ಅಲ್ಲಲ್ಲಿ ಕಂಡಿ ಬಿದ್ದಿತ್ತು ಎಂಬ ಸುಳಿವು ಸಿಕ್ಕಿತು. ಅಲ್ಲೂ ಪ್ರತ್ಯೇಕತೆಯ ಕೈವಾಡ ಇದ್ದೇ ಇದೆ!

ಈಗ ಹೇಳಿ, ಆ ಉಂಗುರದಲ್ಲಿ ಒಂದು ಪ್ರಭೇದ ಮುಗಿದು ಇನ್ನೊಂದು ಶುರುವಾಗುವುದು ಎಲ್ಲಿ? ಕಾಶ್ಮೀರದಲ್ಲೋ, ನೇಪಾಳದಲ್ಲೋ, ಚೀನಾದಲ್ಲೋ? ಗೆರೆ ಎಳೆಯಲು ಹೊರಟವರೆಲ್ಲ ಅಲ್ಲಿ ತಡವರಿಸಿದ್ದಾರೆ, ತಡವರಿಸುವುದೇ ನ್ಯಾಯ. ಪ್ರಭೇದ ಎಂಬುದು ಮುಗಿದ ವಸ್ತುವಲ್ಲ, ಆಗುತ್ತಲೇ ಇರುವ ಕೆಲಸ. ಮುಗಿದ ವಸ್ತುವಾಗಿದ್ದರೆ ನಾಲ್ಕು ಜೋಡಿ ಹಿಡಿದು ಪಂಜರದಲ್ಲಿಟ್ಟು ಉಳಿಸಿದೆವು ಎನ್ನಬಹುದಿತ್ತು. ಆಗುತ್ತಿರುವ ಕೆಲಸವನ್ನು ಉಳಿಸಬೇಕಾದರೆ ಬೆಟ್ಟವನ್ನೇ ಉಳಿಸಬೇಕು, ಜೊತೆಗೆ ಕಾಲವನ್ನೂ ಬಿಟ್ಟುಕೊಡಬೇಕು. ಕಾಲವನ್ನು ನಾವು ಕೊಡಲಾರೆವು, ಕಸಿಯದೆ ಇರಬಲ್ಲೆವು, ಅಷ್ಟಾದರೂ ಮಾಡೋಣ.